ವಿಕಿಪೀಡಿಯದಲ್ಲಿ ಮೀಮ್ ವಿಧ್ವಂಸ

ಮೀಮ್ ವಿಧ್ವಂಸ ಎಂದರೆ ಅಂತರಜಾಲದಲ್ಲಿ ಹರಡಿರುವ ನಗೆಮಾತು, ಘೋಷವಾಕ್ಯ, ಚಿತ್ರ ಅಥವಾ ಕಟ್ಟುಕಥೆಯನ್ನು ತಮಾಷೆಗಾಗಿ ವಿಶ್ವಕೋಶದ ಲೇಖನದೊಳಗೆ ಸೇರಿಸುವುದು. ಯಾರು ಬೇಕಾದರೂ ಸಂಪಾದಿಸಬಹುದಾದ ವಿಕಿಪೀಡಿಯದಲ್ಲಿ ಇದು ವಿಧ್ವಂಸಕ ಸಂಪಾದನೆಯ ಒಂದು ಬಗೆ. ಸಾಮಾನ್ಯ ವಿಧ್ವಂಸವನ್ನು ಒಬ್ಬಿಬ್ಬರು ನಡೆಸುತ್ತಾರೆ. ಮೀಮ್ ವಿಧ್ವಂಸದಲ್ಲಿ ಒಬ್ಬರಿಗೊಬ್ಬರು ಪರಿಚಯವಿಲ್ಲದ ಅನೇಕರು ಅಲ್ಪ ಅವಧಿಯಲ್ಲಿ ಒಂದೇ ಲೇಖನಕ್ಕೆ ಒಂದೇ ಬಗೆಯ ಬದಲಾವಣೆಯನ್ನು ಮಾಡುತ್ತಾರೆ. ಆದ್ದರಿಂದ ಇದರ ನಿರ್ವಹಣೆಯಲ್ಲಿ ವ್ಯಕ್ತಿಗಳನ್ನು ತಡೆಯುವುದಕ್ಕಿಂತ ಪುಟವನ್ನು ರಕ್ಷಿಸುವುದಕ್ಕೆ ಹೆಚ್ಚಿನ ಮಹತ್ವವಿದೆ.

ಲಕ್ಷಣಗಳು

ಮೀಮ್ ವಿಧ್ವಂಸದಲ್ಲಿ ತೊಡಗುವವರಲ್ಲಿ ಬಹುತೇಕರಿಗೆ ವಿಶ್ವಕೋಶದ ಮೇಲೆ ದ್ವೇಷವಿರುವುದಿಲ್ಲ. ತಮ್ಮ ವಾಕ್ಯ ಕೆಲವು ನಿಮಿಷಗಳ ಕಾಲ ಪುಟದಲ್ಲಿ ಕಾಣಿಸಿಕೊಂಡು, ಅದರ ಪರದೆಚಿತ್ರವನ್ನು ಗೆಳೆಯರೊಂದಿಗೆ ಹಂಚಿಕೊಂಡರೆ ಅವರ ಉದ್ದೇಶ ಈಡೇರುತ್ತದೆ. ಕ್ರೀಡಾಪಂದ್ಯದಲ್ಲಿ ಗೆದ್ದ ಆಟಗಾರನನ್ನು ಎದುರಾಳಿ ತಂಡದ 'ಮಾಲೀಕ'ನೆಂದು ಬರೆಯುವುದು ಇದಕ್ಕೆ ಸಾಮಾನ್ಯ ಉದಾಹರಣೆ. ಇಂತಹ ಸಂಪಾದನೆಗಳು ಬೇರೆ ಬೇರೆ ಐಪಿ ವಿಳಾಸಗಳಿಂದಲೂ ಹೊಸದಾಗಿ ತೆರೆದ ಖಾತೆಗಳಿಂದಲೂ ಬರುತ್ತವೆ. ಒಂದು ಖಾತೆಯನ್ನು ನಿರ್ಬಂಧಿಸಿದರೂ ಮುಂದಿನ ಬದಲಾವಣೆ ಇನ್ನೊಬ್ಬರಿಂದ ಬರುತ್ತದೆ.

2006ರ ಆನೆ ಪ್ರಸಂಗ

ಈ ಬಗೆಯ ವಿಧ್ವಂಸದ ಪ್ರಸಿದ್ಧ ಉದಾಹರಣೆ ಅಮೆರಿಕದ ಹಾಸ್ಯನಟ ಸ್ಟೀಫನ್ ಕೋಲ್ಬರ್ಟ್ ಅವರ ದೂರದರ್ಶನ ಕಾರ್ಯಕ್ರಮಕ್ಕೆ ಸಂಬಂಧಿಸಿದ್ದು. 2006ರ ಜುಲೈ 31ರಂದು ಪ್ರಸಾರವಾದ 'ದಿ ಕೋಲ್ಬರ್ಟ್ ರಿಪೋರ್ಟ್' ಸಂಚಿಕೆಯಲ್ಲಿ ಅವರು 'ವಿಕಿಯಾಲಿಟಿ' ಎಂಬ ಪದವನ್ನು ಬಳಸಿದರು. ಸಾಕಷ್ಟು ಜನ ಒಪ್ಪಿಕೊಂಡರೆ ಯಾವುದೇ ಸಂಗತಿ ಸತ್ಯವಾಗುತ್ತದೆ ಎಂಬ ವ್ಯಂಗ್ಯ ಅದರಲ್ಲಿತ್ತು. ಆಫ್ರಿಕಾದ ಆನೆಗಳ ಸಂಖ್ಯೆ ಕಳೆದ ಆರು ತಿಂಗಳಲ್ಲಿ ಮೂರು ಪಟ್ಟಾಗಿದೆ ಎಂದು ವಿಕಿಪೀಡಿಯದಲ್ಲಿ ಬರೆಯುವಂತೆ ಅವರು ವೀಕ್ಷಕರಿಗೆ ಸೂಚಿಸಿದರು.

ಅದರ ಬೆನ್ನಲ್ಲೇ ಇಂಗ್ಲಿಷ್ ವಿಕಿಪೀಡಿಯದ ಆನೆಗಳ ಕುರಿತ ಲೇಖನಗಳಿಗೆ ಈ ಹೇಳಿಕೆ ಮತ್ತೆ ಮತ್ತೆ ಸೇರತೊಡಗಿತು. ನಿರ್ವಾಹಕರು ಆ ಲೇಖನಗಳಿಗೆ ಸಂರಕ್ಷಣೆ ಒದಗಿಸಿದರು. ಕೋಲ್ಬರ್ಟ್ ಹೆಸರಿನಲ್ಲಿದ್ದ ಖಾತೆಯನ್ನೂ ನಿರ್ಬಂಧಿಸಲಾಯಿತು. ಅಳಿವಿನ ಅಂಚಿಗೆ ಸರಿಯುತ್ತಿರುವ ಪ್ರಾಣಿಯೊಂದರ ಸಂಖ್ಯೆ ಏರುತ್ತಿದೆ ಎಂಬ ಮಾತು ವೀಕ್ಷಕರಿಗೆ ನಗೆಯ ವಿಷಯವಾಗಿದ್ದರೂ, ಕಾರ್ಯಕ್ರಮವನ್ನು ನೋಡದೆ ನೇರವಾಗಿ ಲೇಖನಕ್ಕೆ ಬಂದ ಓದುಗನಿಗೆ ಅದು ಬರಿಯ ತಪ್ಪು ಮಾಹಿತಿಯಾಗಿತ್ತು.

ನಿರ್ವಹಣಾ ಕ್ರಮಗಳು

ಪೂರ್ವಸ್ಥಿತಿಗೆ ತರುವುದು: ಪ್ರತಿಯೊಂದು ಲೇಖನದ ಎಲ್ಲ ಆವೃತ್ತಿಗಳೂ ಅದರ ಇತಿಹಾಸದಲ್ಲಿ ಉಳಿಯುವುದರಿಂದ ಯಾವ ಓದುಗನಾದರೂ ಹಾಳಾದ ಪುಟವನ್ನು ಸರಿಪಡಿಸಬಹುದು. ಸರಣಿಯಾಗಿ ವಿಧ್ವಂಸ ನಡೆದಿದ್ದರೆ ಕೊನೆಯ ಬದಲಾವಣೆಯನ್ನು ಮಾತ್ರ ರದ್ದುಗೊಳಿಸುವುದು ಸಾಲದು. ಅದರ ಹಿಂದಿನ ಆವೃತ್ತಿಯಲ್ಲೂ ಅದೇ ಮೀಮ್ ಇರುವ ಸಾಧ್ಯತೆಯಿದೆ. ಇತಿಹಾಸದಲ್ಲಿ ಕೊನೆಯ ಶುದ್ಧ ಆವೃತ್ತಿಯನ್ನು ಗುರುತಿಸಿ ಅದಕ್ಕೆ ಮರಳಬೇಕು. ನಡುವೆ ಬಂದ ಸದುದ್ದೇಶದ ತಿದ್ದುಪಡಿಗಳನ್ನು ಮತ್ತೆ ಸೇರಿಸಬೇಕು.

ಎಚ್ಚರಿಕೆ: ಹೊಸ ಸಂಪಾದಕರ ಚರ್ಚಾ ಪುಟದಲ್ಲಿ ಮೊದಲು ಸೌಮ್ಯವಾದ ಸೂಚನೆಯನ್ನೂ, ಕೃತ್ಯ ಮುಂದುವರಿದರೆ ಹಂತ ಹಂತವಾಗಿ ಕಠಿಣವಾದ ಎಚ್ಚರಿಕೆಯನ್ನೂ ನೀಡುವುದು ವಾಡಿಕೆ. ತಮಾಷೆಗೆಂದು ಬಂದವರು ಮುಂದೆ ಉತ್ತಮ ಸಂಪಾದಕರಾಗಬಹುದು ಎಂಬುದು ಈ ಸೌಮ್ಯತೆಗೆ ಕಾರಣ.

ಸಂರಕ್ಷಣೆ: ಮೀಮ್ ವಿಧ್ವಂಸಕ್ಕೆ ಹೆಚ್ಚು ಪರಿಣಾಮಕಾರಿಯಾದುದು ಅರೆ ಸಂರಕ್ಷಣೆ. 2005ರ ಡಿಸೆಂಬರ್‌ನಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಜಾರಿಗೆ ಬಂದ ಈ ಕ್ರಮದಲ್ಲಿ ನೋಂದಾಯಿಸದವರೂ ತೀರಾ ಹೊಸ ಖಾತೆಯವರೂ ಪುಟವನ್ನು ಸಂಪಾದಿಸಲಾರರು. ಅಲ್ಲಿ ಸಾಮಾನ್ಯವಾಗಿ ನಾಲ್ಕು ದಿನ ಹಳೆಯದಾದ, ಹತ್ತು ಸಂಪಾದನೆಗಳನ್ನು ಪೂರೈಸಿದ ಖಾತೆಗೆ ಈ ಅಡ್ಡಿಯಿಲ್ಲ. ಮೀಮ್‌ಗಳ ಆಯುಷ್ಯ ಅಲ್ಪವಾದುದರಿಂದ ಕೆಲವು ದಿನಗಳ ಸಂರಕ್ಷಣೆಯೇ ಹೆಚ್ಚಾಗಿ ಸಾಕಾಗುತ್ತದೆ. ದೀರ್ಘಕಾಲ ಮುಚ್ಚಿದ ಪುಟವು ಉಪಯುಕ್ತ ತಿದ್ದುಪಡಿಗಳನ್ನೂ ಕಳೆದುಕೊಳ್ಳುತ್ತದೆ.

ಸ್ವಯಂಚಾಲಿತ ಸಾಧನಗಳು: 2009ರಿಂದ ಇಂಗ್ಲಿಷ್ ವಿಕಿಪೀಡಿಯದಲ್ಲಿ ಬಳಕೆಯಲ್ಲಿರುವ ಸಂಪಾದನಾ ಶೋಧಕವು ನಿರ್ದಿಷ್ಟ ಪದಗುಚ್ಛಗಳನ್ನು ಗುರುತಿಸಿ, ಪುಟ ಉಳಿಯುವ ಮುನ್ನವೇ ತಡೆಯಬಲ್ಲದು. ಕ್ಲೂಬಾಟ್ ಎನ್‌ಜಿ ಎಂಬ ಬಾಟ್ ಯಂತ್ರಕಲಿಕೆಯ ನೆರವಿನಿಂದ ವಿಧ್ವಂಸವನ್ನು ಅಂದಾಜಿಸಿ ತಾನೇ ಹಿಂತೆಗೆಯುತ್ತದೆ. ಆದರೆ ಬೈಗುಳವಾಗಲಿ ಅಕ್ಷರಗಳ ಗೊಂದಲವಾಗಲಿ ಇಲ್ಲದ, ವಿಶ್ವಕೋಶದ ಶೈಲಿಯಲ್ಲೇ ಬರೆದ ಸುಳ್ಳನ್ನು ಹಿಡಿಯುವುದು ಇಂತಹ ಸಾಧನಗಳಿಗೆ ಕಷ್ಟ. ಅದಕ್ಕೆ ವಿಷಯ ಬಲ್ಲ ಸಂಪಾದಕರ ವೀಕ್ಷಣಾಪಟ್ಟಿಯೇ ಆಧಾರ.

ಪ್ರಚಾರ ನೀಡದಿರುವುದು

ವಿಧ್ವಂಸಕರಿಗೆ ಮನ್ನಣೆ ನೀಡಬಾರದು ಎಂಬುದು ವಿಕಿಪೀಡಿಯ ಸಮುದಾಯದಲ್ಲಿ ಬೆಳೆದುಬಂದ ನಿಲುವು. ಸಂಪಾದನಾ ಸಾರಾಂಶದಲ್ಲಿ ಮೀಮ್‌ಗೆ ಮಾರುತ್ತರ ಕೊಡುವುದು, ಅದನ್ನು ಹೊಗಳುವುದು ಅಥವಾ ಬೈಯುವುದು, ಹಾಳಾದ ಆವೃತ್ತಿಯ ಪರದೆಚಿತ್ರವನ್ನು ಹಂಚುವುದು, ಇವೆಲ್ಲವೂ ಇನ್ನಷ್ಟು ಜನರನ್ನು ಸೆಳೆಯುತ್ತವೆ. ಮೌನವಾಗಿ ಹಿಂತೆಗೆದು ಮುಂದುವರಿಯುವುದು ಸೂಕ್ತವೆಂದು ಪರಿಗಣಿಸಲಾಗಿದೆ.

ಸುಳ್ಳು ಉಲ್ಲೇಖವಾಗಿ ಮರಳುವ ಅಪಾಯ

ತಡವಾಗಿ ಪತ್ತೆಯಾದ ತಮಾಷೆಯನ್ನು ತೆಗೆಯುವುದು ಕಷ್ಟ. 2008ರಲ್ಲಿ ಕೋಆಟಿ ಎಂಬ ಪ್ರಾಣಿಯ ಇಂಗ್ಲಿಷ್ ಲೇಖನಕ್ಕೆ 'ಬ್ರೆಜಿಲಿಯನ್ ಆರ್ಡ್‌ವಾರ್ಕ್' ಎಂಬ ಅಡ್ಡಹೆಸರನ್ನು ಒಬ್ಬರು ತಮಾಷೆಗೆಂದು ಸೇರಿಸಿದರು. ಆರ್ಡ್‌ವಾರ್ಕ್ ಆಫ್ರಿಕಾದ ಪ್ರಾಣಿ; ಕೋಆಟಿಗೂ ಅದಕ್ಕೂ ಹತ್ತಿರದ ಸಂಬಂಧವಿಲ್ಲ. ಆದರೂ ಪತ್ರಿಕೆಗಳು ಆ ಹೆಸರನ್ನು ಬಳಸಿದವು. ಬಳಿಕ ಅಂತಹ ಬರಹಗಳೇ ಆ ಹೆಸರಿಗೆ ಆಧಾರವೆಂಬಂತಾಯಿತು. 2014ರಲ್ಲಿ ನ್ಯೂಯಾರ್ಕರ್ ಪತ್ರಿಕೆಯ ಬರಹದಿಂದ ನಿಜಸ್ಥಿತಿ ಬಯಲಾಯಿತು. ಈ ಬಗೆಯ ವೃತ್ತಾಕಾರದ ಉಲ್ಲೇಖವನ್ನು ಎಕ್ಸ್‌ಕೆಸಿಡಿ ವ್ಯಂಗ್ಯಚಿತ್ರವು 2011ರಲ್ಲಿ 'ಸೈಟೋಜೆನೆಸಿಸ್' ಎಂದು ಕರೆದಿತ್ತು. ಹೀಗಾಗಿ ಮೂಲವೊಂದು ದೊರೆತಾಗ, ಅದು ಲೇಖನದ ಬದಲಾವಣೆಗಿಂತ ಹಿಂದಿನದೇ ಎಂದು ಪರಿಶೀಲಿಸುವುದು ಅಗತ್ಯ.

ಮೀಮ್ ಲೇಖನದ ವಿಷಯವಾದಾಗ

ಮೀಮ್‌ನ ಪ್ರತಿಯೊಂದು ಉಲ್ಲೇಖವೂ ವಿಧ್ವಂಸವಲ್ಲ. ಸ್ವತಂತ್ರವಾದ, ವಿಶ್ವಾಸಾರ್ಹವಾದ ಮೂಲಗಳು ಅದನ್ನು ಗಮನಾರ್ಹವಾಗಿ ಚರ್ಚಿಸಿದ್ದರೆ ತಟಸ್ಥ ಭಾಷೆಯಲ್ಲಿ ದಾಖಲಿಸಬಹುದು. ಕೋಲ್ಬರ್ಟ್ ಪ್ರಸಂಗವೂ ಇಂದು ವಿಶ್ವಕೋಶದಲ್ಲಿದೆ. ಆದರೆ ಅದು ಆನೆಗಳ ಸಂಖ್ಯೆಯಾಗಿ ಅಲ್ಲ, ನಡೆದ ಘಟನೆಯಾಗಿ ದಾಖಲಾಗಿದೆ. ಮೀಮ್ ಜನಪ್ರಿಯವಾಗಿದೆ ಎಂಬುದಷ್ಟೇ ಸೇರ್ಪಡೆಗೆ ಕಾರಣವಾಗಲಾರದು.

ಸಣ್ಣ ಸಮುದಾಯಗಳಲ್ಲಿ

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಂತಹ ಯೋಜನೆಗಳಲ್ಲಿ ಸಕ್ರಿಯ ಸಂಪಾದಕರು ಕಡಿಮೆ. ಸಣ್ಣ ವಿಕಿಗಳ ಮೇಲೆ ನಿಗಾ ಇಡುವ ಅಂತರರಾಷ್ಟ್ರೀಯ ಸ್ವಯಂಸೇವಕರು ಖಾಲಿಯಾದ ಪುಟವನ್ನು ಗುರುತಿಸಬಲ್ಲರು. ಆದರೆ ಕನ್ನಡ ಬಾರದವರಿಗೆ, ನಟರೊಬ್ಬರ ಲೇಖನದ ನಡುವೆ ಕನ್ನಡ ಲಿಪಿಯಲ್ಲೇ ಸೇರಿದ ಟ್ರೋಲ್ ಸಾಲು ಮಾಹಿತಿಯಂತೆಯೇ ಕಾಣುತ್ತದೆ. ಅದನ್ನು ಕನ್ನಡ ಓದುಗರೇ ಗುರುತಿಸಬೇಕು. 'ಇತ್ತೀಚೆಗಿನ ಬದಲಾವಣೆಗಳು' ಪುಟವನ್ನು ಆಗಾಗ ನೋಡುವುದು, ಚಾಲ್ತಿಯಲ್ಲಿರುವ ವಿಷಯಗಳ ಲೇಖನಗಳನ್ನು ವೀಕ್ಷಣಾಪಟ್ಟಿಗೆ ಸೇರಿಸುವುದು, ಸಂರಕ್ಷಣೆಯ ಅಗತ್ಯವಿದ್ದಾಗ ಅರಳಿ ಕಟ್ಟೆಯಲ್ಲಿ ಅಥವಾ ನಿರ್ವಾಹಕರ ಚರ್ಚಾ ಪುಟದಲ್ಲಿ ತಿಳಿಸುವುದು ಇಲ್ಲಿ ಸಾಧ್ಯವಿರುವ ಕ್ರಮಗಳು.