ಕೌದಿಯೊಳಗಿನ ಗಾಳಿ

ಶಹಾಬಾದದ ಹಳೆಯ ಮನೆಗಳಲ್ಲಿ ನೆಲಕ್ಕೂ ಫರಸಿ, ಕಟ್ಟೆಗೂ ಫರಸಿ, ಎಷ್ಟೋ ಕಡೆ ಗೋಡೆಗೂ ಅದೇ. ಬಹುಕೋಟಿ ವರ್ಷಗಳ ಹಿಂದೆ ಆಳವಿಲ್ಲದ ಕಡಲಿನ ತಳದಲ್ಲಿ ಪದರಪದರವಾಗಿ ಕೂತ ಸುಣ್ಣಗಲ್ಲು ಇದು. ಡಿಸೆಂಬರಿನ ನಸುಕಿನಲ್ಲಿ ಅದರ ಮೇಲೆ ಬರಿಗಾಲಿಟ್ಟರೆ ಥಂಡಿ ಮೊಣಕಾಲಿಗೆ ಏರುತ್ತದೆ. ಪಕ್ಕದಲ್ಲೇ ಹಾಸಿದ ಕೌದಿಯ ಮೇಲೆ ಕಾಲಿಟ್ಟರೆ ಹಾಗಾಗುವುದಿಲ್ಲ. ಆದರೆ ರಾತ್ರಿ ಯಾರೂ ಮಲಗಿರದ ಕೌದಿಯ ಮೇಲೊಂದು, ಕಲ್ಲಿನ ಮೇಲೊಂದು ಥರ್ಮಾಮೀಟರ್ ಇಟ್ಟು ನೋಡಿ, ಎರಡರ ಉಷ್ಣತೆಯೂ ಹೆಚ್ಚುಕಡಿಮೆ ಒಂದೇ ಇರುತ್ತದೆ.

ಚರ್ಮಕ್ಕೆ ತಿಳಿಯುವುದು ತನ್ನ ಶಾಖ ಎಷ್ಟು ಬೇಗ ಸೋರಿಹೋಗುತ್ತಿದೆ ಎಂಬುದು. ಅಂಗಾಲಿನ ಶಾಖವನ್ನು ಕಲ್ಲು ಸರಸರನೆ ಒಳಕ್ಕೆ ಎಳೆದುಕೊಂಡು ಆಳಕ್ಕೆ ಸಾಗಿಸುತ್ತದೆ, ಕೌದಿಗೆ ಆ ಶಕ್ತಿ ಇಲ್ಲ. ಅದರ ಗುಟ್ಟು ಬಟ್ಟೆಯಲ್ಲಿದೆ ಎಂದು ನಾವು ತಿಳಿದಿದ್ದೇವೆ. ನಿಜಕ್ಕೂ ಹತ್ತಿಯ ಎಳೆ ಅಷ್ಟೇನೂ ದೊಡ್ಡ ಶಾಖನಿರೋಧಕವಲ್ಲ. ಅಲುಗದೆ ನಿಂತ ಗಾಳಿ ಅದಕ್ಕಿಂತ ಎಷ್ಟೋ ಪಟ್ಟು ಮೇಲು. ಸುಣ್ಣಗಲ್ಲು ಆ ಗಾಳಿಗಿಂತ 50 ಪಟ್ಟಿಗೂ ಹೆಚ್ಚು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ಕೌದಿಯ ಒಟ್ಟು ಗಾತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯೇ ಇರುತ್ತದೆ. ಮಲಗಿದ ಮನುಷ್ಯನ ದೇಹ ಸುಮಾರು 70ರಿಂದ 80 ವಾಟ್ ಶಾಖ ಬಿಡುತ್ತಲೇ ಇರುತ್ತದೆ, ಹಳೆಯ ಕಾಲದ ಒಂದು ಬಲ್ಬಿನಷ್ಟು. ಕೌದಿ ತಾನಾಗಿ ಏನನ್ನೂ ಬಿಸಿ ಮಾಡುವುದಿಲ್ಲ. ಈ ಶಾಖ ಹೊರಗೆ ಹೋಗುವ ದಾರಿಯನ್ನು ಉದ್ದ ಮಾಡುತ್ತದೆ, ಅಷ್ಟೆ.

ಗಾಳಿ ಇದ್ದರೆ ಸಾಲದು, ನಿಲ್ಲಬೇಕು. ದೊಡ್ಡ ಸಂದಿಯಲ್ಲಿ ಬೆಚ್ಚಗಾದ ಗಾಳಿ ಮೇಲೇರಿ, ತಣ್ಣನೆಯದು ಕೆಳಗಿಳಿದು, ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಸಂದಿ ಕಿರಿದಾದಷ್ಟೂ ಗಾಳಿಗೆ ಸುಳಿಯಲು ಎಡೆ ಕಡಿಮೆ. ಹಳೆಯ ಸೀರೆ, ಧೋತರ, ಲುಂಗಿ, ಅಂಗಿಯ ತುಂಡುಗಳನ್ನು ಒಂದರ ಮೇಲೊಂದು ಹಾಸಿ ಸಾಲುಸಾಲಾಗಿ ಹೊಲಿದಾಗ ಆಗುವುದು ಇದೇ. ಪ್ರತಿ ಎರಡು ಅರಿವಿಗಳ ನಡುವೆ ತೆಳ್ಳನೆಯ ಗಾಳಿ ಸಿಕ್ಕಿಬೀಳುತ್ತದೆ. ಅದನ್ನು ಅಲ್ಲಲ್ಲೇ ಕಟ್ಟಿಹಾಕುವುದು ಆ ಉದ್ದುದ್ದ ಹೊಲಿಗೆ. ನನ್ನ ಮಟ್ಟಿಗೆ ಕೌದಿಯ ನಿಜವಾದ ವಿಜ್ಞಾನ ಇರುವುದು ಈ ಹೊಲಿಗೆಯಲ್ಲೇ. ಸಾಲುಗಳು ತೀರಾ ಒತ್ತಾದರೆ ಪದರಗಳು ಅದುಮಿಕೊಂಡು ಗಾಳಿ ಹೊರಬೀಳುತ್ತದೆ, ಕೌದಿ ಹಲಗೆಯಾಗುತ್ತದೆ. ತೀರಾ ದೂರವಾದರೆ ಒಳಗಿನ ಚಿಂದಿ ಸರಿದು ಒಂದೆಡೆ ಗಂಟಾಗಿ, ಇನ್ನೊಂದೆಡೆ ಬರಿದಾಗಿ, ಬರಿದಾದಲ್ಲಿ ಥಂಡಿ ನುಗ್ಗುತ್ತದೆ. ಇವೆರಡರ ನಡುವಿನ ಅಂತರವನ್ನು ಹೆಣ್ಣುಮಕ್ಕಳು ಬೆರಳಿನ ಅಗಲದಲ್ಲೇ ಅಳೆದು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ.

ಹೊಲಿಗೆಗೆ ಇನ್ನೊಂದು ಕೆಲಸವೂ ಇದೆ. ಕೌದಿಗೆ ಬೀಳುವುದು ಸವೆದ ಬಟ್ಟೆ. ಸವೆದದ್ದರಿಂದಲೇ ಅದು ಮೆತ್ತಗಿರುತ್ತದೆ: ಹೊಸ ಬಟ್ಟೆಯ ಗಂಜಿ ತೊಳೆದುಹೋಗಿ ನೂಲು ಸಡಿಲಾಗಿರುತ್ತದೆ. ಆದರೆ ಅಂಥ ಬಟ್ಟೆ ಒಂದು ಕಡೆ ಹರಿದರೆ ಸೀಳು ನೂಲಿನಿಂದ ನೂಲಿಗೆ ಓಡುತ್ತದೆ. ಹೊಲಿಗೆಯ ಸಾಲು ಅಡ್ಡ ಬಂದಲ್ಲಿ ಎಳೆತ ಕೆಳಗಿನ ಪದರಗಳಿಗೂ ಹಂಚಿಹೋಗಿ ಸೀಳು ಅಲ್ಲೇ ನಿಲ್ಲುತ್ತದೆ. ಒಂದೊಂದಾಗಿ ಯಾವುದಕ್ಕೂ ಬಾರದ ಅರಿವಿಗಳು ಕೂಡಿಕೊಂಡು ವರ್ಷಗಟ್ಟಲೆ ಬಾಳುತ್ತವೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಮಹಿಳೆಯರ ಕೌದಿಯಲ್ಲಿ ಹೊಲಿಗೆ ಅಂಚಿನಿಂದ ಹೊರಟು ಸುತ್ತುತ್ತಾ ನಡುವಿಗೆ ಬರುತ್ತದೆ. ಮೂಲೆಗಳಿಗೆ ಮಡಿಸಿದ ತ್ರಿಕೋನದ ‘ಫೂಲ’ ಹಚ್ಚದಿದ್ದರೆ ಅವರ ಲೆಕ್ಕದಲ್ಲಿ ಕೌದಿ ಪೂರ್ತಿಯಾದಂತಲ್ಲ.

ಕೌದಿಯ ಇಷ್ಟೊಂದು ಬಣ್ಣಗಳಿಂದ ಅದರ ಬಿಸುಪಿನಲ್ಲಿ ವ್ಯತ್ಯಾಸವಾಗುತ್ತದೆಯೇ? ರಾತ್ರಿ ಆಗುವುದಿಲ್ಲ. ನಮ್ಮ ದೇಹ ಸೂಸುವ ಶಾಖಕಿರಣಗಳು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು. ಅವುಗಳ ಮುಂದೆ ಬಿಳಿ ಧೋತರವೂ ಕರಿ ಸೀರೆಯೂ ಒಂದೇ, ಎರಡೂ ಅವನ್ನು ಬಹುಪಾಲು ಹೀರಿಕೊಳ್ಳುತ್ತವೆ. ಬಣ್ಣದ ಲೆಕ್ಕ ಶುರುವಾಗುವುದು ಹಗಲಿನಲ್ಲಿ, ಒಣಹಾಕಿದಾಗ. ಆಗ ಕರಿಯ ತೇಪೆ ಬಿಳಿಯದಕ್ಕಿಂತ ಬೇಗ ಕಾಯುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳು ಬಣ್ಣದ ಅಣುಗಳನ್ನು ಒಡೆಯುತ್ತವೆ. ಒಂದೊಂದು ಬಣ್ಣದ ತಾಳಿಕೆ ಒಂದೊಂದು ರೀತಿ, ಹಾಗಾಗಿ ಹಳೆಯ ಕೌದಿಯಲ್ಲಿ ಒಂದು ತೇಪೆ ಮಾಸಿದ್ದರೂ ಪಕ್ಕದ್ದು ಹೊಳೆಯುತ್ತಿರುತ್ತದೆ.

ಒದ್ದೆಯಾದ ಕೌದಿಯನ್ನು ಮಾತ್ರ ನಂಬಬೇಡಿ. ನೀರು ನಿಂತ ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಹತ್ತಿ ನೀರು ಕುಡಿದು ಗಾಳಿಯ ಜಾಗವನ್ನೆಲ್ಲ ಅದಕ್ಕೇ ಕೊಡುತ್ತದೆ. ಹಾಗಾಗಿ ಚಿಂಚೋಳಿಯ ಕಡೆ ಮಳೆಯಲ್ಲಿ ಕುರಿ ಕಾಯುವವರ ಹೆಗಲಿಗೆ ಬೇಕಾದದ್ದು ಕಂಬಳಿ. ಉಣ್ಣೆಯ ಎಳೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ನೀರಾವಿಯನ್ನು ಹೀರಿದರೂ ಕೈಗೆ ಹಸಿ ಅನಿಸುವುದಿಲ್ಲ, ಹೀರುವಾಗ ತುಸು ಶಾಖವನ್ನೂ ಬಿಡುತ್ತದೆ. ಬಣ್ಣಬಣ್ಣದ ಉಣ್ಣೆಯ ನೂಲಿನಿಂದ ಸೂಜಿಯಲ್ಲಿ ಹೆಣೆದ ಹೊದಿಕೆಗೂ ಈ ಗುಣ ಉಂಟು. ಅಲ್ಲಿ ಒಂದೇ ಎಳೆ ಕುಣಿಕೆ ಕುಣಿಕೆಯಾಗಿ ಗಾಳಿಯನ್ನು ಹಿಡಿಯುತ್ತದೆ. ಕುಣಿಕೆ ಬಾಗಿ ನೇರವಾಗುವುದರಿಂದ ಹೊದಿಕೆ ಹಿಗ್ಗುತ್ತದೆ. ಆದರೆ ಬೀಸುಗಾಳಿಗೆ ಆ ತೂತುಗಳೇ ಬಾಗಿಲು.

ಹತ್ತಿಯ ಗೆಲುವು ಒಗೆತದಲ್ಲಿ. ಒದ್ದೆಯಾದಾಗ ಹತ್ತಿಯ ಎಳೆ ಇನ್ನಷ್ಟು ಗಟ್ಟಿಯಾಗುತ್ತದೆ, ಉಣ್ಣೆ ಸೋಲುತ್ತದೆ. ಕಂಬಳಿಯನ್ನು ಬಿಸಿನೀರಿಗೆ ಹಾಕಿ ಕುಟ್ಟಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಅದು ಕುಗ್ಗಿಹೋಗುತ್ತದೆ. ಕೌದಿಯನ್ನು ಹೊಳೆಯ ಕಲ್ಲಿಗೆ ಬಡಿಯಬಹುದು. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆಬಟ್ಟೆಯನ್ನೆಲ್ಲ ಒಗೆದು ಹಾಕುವ ನಮ್ಮ ರೂಢಿಗೆ ಆರೋಗ್ಯದ ಬೆಂಬಲವಿದೆ. ಹಾಸಿಗೆಯ ಧೂಳಿನಲ್ಲಿ ಬದುಕುವ ನುಸಿಗಳು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಜೀವ ಹಿಡಿಯುತ್ತವೆ. ಒಗೆತದಲ್ಲಿ ಅವುಗಳ ಹಿಕ್ಕೆ ಹೋಗುತ್ತದೆ, ಒಣಬಿಸಿಲು ಅವುಗಳ ತೇವ ಕಸಿಯುತ್ತದೆ. ಅಲರ್ಜಿಯ ಕೆಮ್ಮು ಇರುವವರು ಇದನ್ನು ತಿಂಗಳಿಗೊಮ್ಮೆಯಾದರೂ ಮಾಡುವುದು ಒಳ್ಳೆಯದು.

ಈಗ ಮನೆಯಲ್ಲಿ ಹಳತಾಗುವ ಸೀರೆಗಳಲ್ಲಿ ಪಾಲಿಯೆಸ್ಟರೇ ಹೆಚ್ಚು. ಹತ್ತಿ ತನ್ನ ತೂಕದ ಸುಮಾರು ಶೇಕಡಾ 8ರಷ್ಟು ತೇವವನ್ನು ಗಾಳಿಯಿಂದಲೇ ಇಟ್ಟುಕೊಂಡರೆ ಪಾಲಿಯೆಸ್ಟರ್ ಶೇಕಡಾ ಅರ್ಧದಷ್ಟನ್ನೂ ಇಟ್ಟುಕೊಳ್ಳುವುದಿಲ್ಲ. ಬೆವರು ಅದರ ಮೇಲೆ ಅಂಟಂಟಾಗಿ ನಿಲ್ಲುತ್ತದೆ. ಎಸೆಯಬೇಕಿಲ್ಲ, ಅದೂ ಗಾಳಿ ಹಿಡಿಯುತ್ತದೆ, ಒಗೆದರೆ ಬೇಗ ಒಣಗುತ್ತದೆ. ಕೌದಿಯ ನಡುವಿನ ಪದರಗಳಿಗೆ ಅದನ್ನು ಹಾಕಿ, ಮೈಗೆ ತಾಗುವ ಎರಡೂ ಮಗ್ಗುಲಿಗೆ ಹತ್ತಿಯನ್ನೇ ಹಚ್ಚಿ. ಜಾರುವ ಬಟ್ಟೆಯಾದ್ದರಿಂದ ಸಾಲುಗಳು ತುಸು ಹತ್ತಿರವಿರಲಿ. ಬೆಂಕಿ ತಗುಲಿದರೆ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುವುದರಿಂದ ಅಂಥ ಕೌದಿಯನ್ನು ಒಲೆಯ ಹತ್ತಿರ ಹಾಸಬೇಡಿ, ಕೂಸಿಗೆ ಹೊದಿಸುವುದನ್ನು ಪೂರ್ತಿ ಹತ್ತಿಯಲ್ಲೇ ಹೊಲಿಯಿರಿ.