ಬೆಲೆ ಅದೇ, ತೂಕ ಬೇರೆ

ದಿನಸಿಯ ಬೆಲೆ ಏರಿದರೆ ಹೊಸೂರಿನ ಸಂತೆಯಲ್ಲೆಲ್ಲ ಮಾತಾಗುತ್ತದೆ. ಪೊಟ್ಟಣದ ತೂಕ ಇಳಿದರೆ ಯಾರೂ ಗಮನಿಸುವುದಿಲ್ಲ. 50 ರೂಪಾಯಿಯ 200 ಗ್ರಾಂ ಪೊಟ್ಟಣ ಅದೇ ಬೆಲೆಗೆ 170 ಗ್ರಾಂ ಆಯಿತೆನ್ನಿ. ಗ್ರಾಮಿಗೆ 25 ಪೈಸೆ ಇದ್ದದ್ದು 29 ಪೈಸೆ ದಾಟಿತು, ಅಂದರೆ ಬೆಲೆ ಶೇ. 17ಕ್ಕೂ ಹೆಚ್ಚು ಏರಿತು.

ಚಹಾ, ಕಾಫಿ, ಬಿಸ್ಕತ್ತು, ಅಡುಗೆ ಎಣ್ಣೆ, ಸಾಬೂನು ಮೊದಲಾದವನ್ನು ನಿಗದಿತ ಅಳತೆಗಳಲ್ಲೇ ಮಾರಬೇಕೆಂಬ ಪಟ್ಟಿಯೊಂದು ಕೇಂದ್ರದ 2011ರ ಪೊಟ್ಟಣ ಸರಕುಗಳ ನಿಯಮಗಳಲ್ಲಿತ್ತು. 2021ರ ತಿದ್ದುಪಡಿ ಆ ಪಟ್ಟಿಯನ್ನು ಕೈಬಿಟ್ಟಿತು. ಅದಕ್ಕೆ ಬದಲಾಗಿ, ಒಂದು ಕಿಲೋಗಿಂತ ಕಡಿಮೆಯಿದ್ದರೆ ಗ್ರಾಮಿಗೆಷ್ಟು, ಹೆಚ್ಚಿದ್ದರೆ ಕಿಲೋಗೆಷ್ಟು ಎಂಬ ಬೆಲೆಯನ್ನೂ ಮುದ್ರಿಸಬೇಕೆಂದು ವಿಧಿಸಿತು. ಗರಿಷ್ಠ ಮಾರಾಟ ಬೆಲೆಯ ಬಳಿ ‘ಯು.ಎಸ್.ಪಿ.’ ಎಂದು ಸಣ್ಣಕ್ಷರದಲ್ಲಿ ಇರುವುದು ಅದೇ. 0.25 ಎಂದರೆ 25 ಪೈಸೆ.

ತೊಡಕು ಭಾಷೆಯದು. ಈ ವಿವರಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕೆನ್ನುತ್ತದೆ ನಿಯಮ. ಕನ್ನಡವಿರಲಿ, ತಮಿಳೂ ಕಡ್ಡಾಯವಲ್ಲ! ಮನೆಯ ಹಿರಿಯರು ಓದಲಾರದ ಆ ಸಾಲನ್ನು ದಶಮಾಂಶ ಕಲಿತ ಮಗು ಓದಬಲ್ಲದು. ಅಂಗಡಿಗೆ ಅದನ್ನು ಕರೆದೊಯ್ಯಿರಿ.

ಎಣ್ಣೆಯಲ್ಲಿ ಮಾತ್ರ ಇನ್ನಷ್ಟು ಎಚ್ಚರ ಬೇಕು. ಒಂದು ಲೀಟರ್ ಎಣ್ಣೆ ತೂಗುವುದು ಸುಮಾರು 910 ಗ್ರಾಂ. ಲೀಟರಿನ ಪೊಟ್ಟಣವನ್ನು ಕಿಲೋ ಎಣ್ಣೆಯೊಡನೆ ಹೋಲಿಸಬಾರದು. ‘ಒಂದಕ್ಕೆ ಒಂದು ಉಚಿತ’ ಎಂದರೆ ಎರಡರ ತೂಕವನ್ನೂ ಕೂಡಿಸಿ, ಕೊಡುವ ಹಣವನ್ನು ಅದರಿಂದ ಭಾಗಿಸಿ ನೋಡಿ.

ಮುದ್ರಿತ ತೂಕಕ್ಕಿಂತ ಸರಕು ಕಡಿಮೆಯಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಬಹುದು. ಅಲ್ಲಿ ಕನ್ನಡದಲ್ಲಿಯೇ ದೂರು ಹೇಳಲು ಅವಕಾಶವಿದೆ. ಪೊಟ್ಟಣವನ್ನೂ ರಸೀದಿಯನ್ನೂ ಎಸೆಯದೆ ಇಟ್ಟುಕೊಂಡಿರಿ.