ದೊರೆಯ ಮುಖಕ್ಕೆ ಉಳಿಯ ಏಟು

ಕೊಯಮತ್ತೂರಿನ ಪಕ್ಕದ ವೆಳ್ಳಲೂರಿನಲ್ಲಿ 1842ರಲ್ಲಿ ಗಡಿಗೆಯೊಂದು ಸಿಕ್ಕಿತು. ಅದರೊಳಗೆ 522 ಬೆಳ್ಳಿ ನಾಣ್ಯಗಳು. 378 ರೋಮ್ ಚಕ್ರವರ್ತಿ ಟೈಬೀರಿಯಸನವು, 134 ಅವನ ಹಿಂದಿನ ಅಗಸ್ಟಸನವು. ಟೈಬೀರಿಯಸನ ನಾಣ್ಯ ಅಂಗೈಯ ಮೇಲೆ ಉಗುರಿನಷ್ಟು ಜಾಗ ಹಿಡಿಯುತ್ತದೆ. ಒಂದು ಮಗ್ಗುಲಲ್ಲಿ ಎಲೆಯ ಮುಕುಟ ತೊಟ್ಟ ದೊರೆ, ಇನ್ನೊಂದರಲ್ಲಿ ದಂಡ ಮತ್ತು ಕೊಂಬೆ ಹಿಡಿದು ಕುಳಿತ ಹೆಂಗಸು. ಆಕೆ ದೊರೆಯ ತಾಯಿ ಲಿವಿಯಾ ಎನ್ನುವವರಿದ್ದಾರೆ, ಶಾಂತಿದೇವತೆ ಎನ್ನುವವರೂ ಇದ್ದಾರೆ.

ಕಡಲಾಚೆಯ ದುಡ್ಡು ಈ ಒಳನಾಡಿಗೆ ಏಕೆ ಬಂತು? ಇದಕ್ಕೆ ಉತ್ತರ ದೂರವಿಲ್ಲ. ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಬಳಿಯ ಪಡಿಯೂರಿನಲ್ಲಿ ತಿಳಿನೀಲಿ ಬೆರಿಲ್ ಹರಳು ಸಿಗುತ್ತಿತ್ತು. ವೆಳ್ಳಲೂರಿನ ಬಳಿ ಹರಿಯುವ ನೊಯ್ಯಲ್ ಹೊಳೆಯ ಗುಂಟ ಕೆಳಗಿಳಿದರೆ, ಈರೋಡು ಜಿಲ್ಲೆಯ ಕೊಡುಮಣಲ್. 1980ರ ದಶಕದಿಂದ ಅಲ್ಲಿ ನಡೆದ ಉತ್ಖನನಗಳಲ್ಲಿ ಮಣಿ ಮಾಡುವವರ ಕಸುಬಿನ ಗುರುತುಗಳೇ ಸಿಕ್ಕಿವೆ. ಭಾರತದ ಬೆರಿಲ್ ಬಗ್ಗೆ ರೋಮಿನ ಪ್ಲಿನಿ ಬರೆದಿದ್ದಾನೆ. ಹರಳು ಅತ್ತ ಹೋಯಿತು, ಬೆಳ್ಳಿ ಇತ್ತ ಬಂತು ಎಂಬ ಊಹೆ ಗಟ್ಟಿಯಾಗಿ ನಿಲ್ಲುತ್ತದೆ. ನಮ್ಮ ಯಶವಂತಪುರದಲ್ಲೂ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು.

ಬಿಡಿಸಲು ಕಷ್ಟವಾದ ಒಗಟು ಬೇರೆಯದು. 1898ರಲ್ಲಿ ಪುದುಕೋಟೆಯಲ್ಲಿ ಸಿಕ್ಕ 501 ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನ ಮೇಲೆ, ದೊರೆಯ ಮುಖಕ್ಕೆ ಅಡ್ಡಲಾಗಿ, ಉಳಿಯಿಂದ ಕಡಿದ ಗಾಯವಿದೆ. ಪರದೇಶದ ದೊರೆಯ ಮೇಲಿನ ಸಿಟ್ಟೇ? ಒಳಗೆ ತಾಮ್ರವಿದೆಯೇ ಎಂಬ ಪರೀಕ್ಷೆಯೇ? ಪರೀಕ್ಷೆಗೆ ಯಾವ ಮಗ್ಗುಲಾದರೂ ಸಾಕಿತ್ತು, ಮುಖವೇ ಬೇಕಿರಲಿಲ್ಲ. ಆ ನಾಣ್ಯಗಳು ಕೈಯಿಂದ ಕೈಗೆ ಓಡಾಡಿ ಸವೆದಿವೆ. ತೂಕ ಕಳೆದುಕೊಂಡ ದುಡ್ಡು ಇನ್ನು ನಡೆಯದು ಎಂದು ಯಾರೋ ಅಧಿಕಾರವಿದ್ದವರು ಮುಖಕ್ಕೇ ಏಟು ಹಾಕಿಸಿದರು ಎಂಬ ವಾದವೇ ನನಗೆ ಹೆಚ್ಚು ಒಪ್ಪಿಗೆ. ಆದರೂ ಅದು ಊಹೆ. ಹಾಗೆ ಕಡಿಸಿದವರು ಯಾರೆಂದು ಯಾವ ಶಾಸನವೂ ಹೇಳುವುದಿಲ್ಲ.

ಇಷ್ಟಾದರೂ ಊಹಿಸಲು ಸಾಧ್ಯವಾದದ್ದು ಸಿಕ್ಕ ಊರು, ಜೊತೆಗಿದ್ದ ನಾಣ್ಯಗಳ ಲೆಕ್ಕ ಉಳಿದದ್ದರಿಂದ. ಬಿಡಿ ನಾಣ್ಯವೊಂದು ಅಕ್ಕಸಾಲಿಗನ ಮೂಸೆಗೋ ಹರಾಜಿಗೋ ಹೋದರೆ ಯಾವ ಪ್ರಶ್ನೆಗೂ ಉತ್ತರ ಕೊಡುವುದಿಲ್ಲ. ಪಾಯ ತೋಡುವಾಗಲೋ ಬಾವಿ ತೆಗೆಯುವಾಗಲೋ ಇಂಥದ್ದೇನಾದರೂ ಕಂಡರೆ ತೊಳೆಯಬೇಡಿ, ಹಂಚಿಕೊಳ್ಳಬೇಡಿ. ಇದ್ದ ಜಾಗದಲ್ಲೇ ಬಿಟ್ಟು ತಹಸೀಲ್ದಾರರಿಗೋ ಪುರಾತತ್ವ ಇಲಾಖೆಗೋ ಸುದ್ದಿ ಮುಟ್ಟಿಸಿ.